ಬಿಸಿ ಎಲ್ಲಿ ಸಿಕ್ಕಿಕೊಂಡಿದೆ?

ರಾಯಚೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಹುಡುಗನೊಬ್ಬ ಏಪ್ರಿಲ್ ಕೊನೆಗೆ ಫೋನ್ ಮಾಡಿದ್ದ. "ಅಣ್ಣಾ, ಇದ್ರಾಗ ಒಂದ್ ಮದ್ವಿ ವಿಡಿಯೊ ಮುಗಿಯೋದ್ರಾಗ ಇನ್ನೊಂದು ಮದ್ವಿ ಬರ್ತದ ನೋಡ್ರಿ." ಹೋಗಿ ನೋಡಿದೆ. ಕಂಪ್ಯೂಟರಿನ ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತಿತ್ತು. ಪರದೆಯ ಮೇಲೆ ಪ್ರೊಸೆಸರ್ ತಾಪಮಾನ 100 ಡಿಗ್ರಿ. ಹೊರಗಡೆ 41.

ಪ್ರೊಸೆಸರಿಗೆ ತನ್ನನ್ನು ತಾನು ಉಳಿಸಿಕೊಳ್ಳುವುದು ಗೊತ್ತು. ಇಂಟೆಲ್‌ನ ಬಹಳಷ್ಟು ಚಿಪ್‌ಗಳಿಗೆ 100 ಡಿಗ್ರಿಯೇ ಗಡಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಈ ಯಂತ್ರ 4 ಗಿಗಾಹರ್ಟ್ಸ್‌ನಲ್ಲಿ ಓಡಬೇಕಿತ್ತು, 2.3ರಲ್ಲಿ ಏದುಸಿರು ಬಿಡುತ್ತಿತ್ತು. ಅದಕ್ಕೇ ಮದುವೆ ಮುಗಿಯುತ್ತಿರಲಿಲ್ಲ.

ನಾವು ಇಡೀ ಡಬ್ಬಿಗೆ ಸಿಪಿಯು ಅಂತೀವಿ. ನಿಜವಾದ ಸಿಪಿಯು ಅಂದರೆ ಈ ಪ್ರೊಸೆಸರ್, ಒಳಗಿರುವ ಚಿಪ್ಪು, ಹೆಬ್ಬೆರಳಿನ ಉಗುರಿನಷ್ಟು. ಇವನದು 65 ವಾಟ್‌ನದು, ಹಳೇ ಕಾಲದ ಬಲ್ಬಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೆ ಆ ಬಿಸಿಯೆಲ್ಲ ಹುಟ್ಟುವುದು ಆ ಉಗುರಿನಷ್ಟು ಜಾಗದಲ್ಲಿ. ಲೆಕ್ಕ ಹಾಕಿ: ಸಾವಿರ ವಾಟ್‌ನ ಇಸ್ತ್ರಿ ಪೆಟ್ಟಿಗೆಯ ತಳದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 5 ವಾಟ್ ಬರುತ್ತದೆ. ಈ ಚಿಪ್ಪಿನಲ್ಲಿ 40ರ ಹತ್ತಿರ. ಇಸ್ತ್ರಿ ಪೆಟ್ಟಿಗೆ ಎಷ್ಟೋ ವಾಸಿ, ಅಲ್ವಾ?

ಚಿಪ್ಪಿನ ಮೇಲೆ ಕೂರುವ ರೆಕ್ಕೆ ರೆಕ್ಕೆಯ ಲೋಹದ ತುಂಡು, ಅಂದರೆ ಹೀಟ್‌ಸಿಂಕಾಗಲಿ, ಫ್ಯಾನಾಗಲಿ ಈ ಬಿಸಿಯನ್ನು ಮಾಯ ಮಾಡುವುದಿಲ್ಲ. ಹೊತ್ತು ದಾಟಿಸುತ್ತವೆ. ಚಿಪ್ಪಿನಿಂದ ಅದರ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಹೀಟ್‌ಸಿಂಕಿಗೆ, ಅಲ್ಲಿಂದ ಗಾಳಿಗೆ, ಗಾಳಿಯಿಂದ ಕೋಣೆಗೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಬಿಸಿ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಹುಡುಕದೆ ದೊಡ್ಡ ಫ್ಯಾನು ಕೊಳ್ಳುವುದು ಸುಮ್ನೆ ದುಡ್ಡು ದಂಡ.

ಪಕ್ಕದ ಮುಚ್ಚಳ ತೆಗೆದೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಸಾಮಾನ್ಯ ಧೂಳಲ್ಲ, ಅಂಟಂಟು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಅದು ಬುಗುರಿಯಂತೆ ತಿರುಗಿ ಬೇರಿಂಗ್ ಹಾಳಾಗುತ್ತದೆ, ತಾನೇ ಕರೆಂಟ್ ಹುಟ್ಟಿಸಿ ಚಿಪ್ಪು ಕೂತಿರುವ ಮದರ್‌ಬೋರ್ಡಿಗೂ ಕಳಿಸಬಹುದು.

ಧೂಳು ಹೋದ ಮೇಲೂ 96. ಆಗ ಕಣ್ಣಿಗೆ ಬಿದ್ದದ್ದು ಹೀಟ್‌ಸಿಂಕಿನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳು. ಒಂದು ಪೂರ್ತಿ ಕೂತಿರಲಿಲ್ಲ. ಜೋಡಿಸಿದವರು ಯಾರೋ ಅವಸರದಲ್ಲಿದ್ದರು ಅಂತ ಕಾಣುತ್ತದೆ. ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಕೂದಲೆಳೆ ಅಂದರೆ ಇಲ್ಲಿ ಕಡಿಮೆಯೇನಲ್ಲ. ಗಾಳಿಗಿಂತ ತಾಮ್ರ ಸುಮಾರು 15,000 ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಎರಡು ಲೋಹಗಳ ಮಧ್ಯೆ ಗಾಳಿ ನುಗ್ಗಿತು ಅಂದರೆ ದಾರಿಗೆ ಗೋಡೆ ಕಟ್ಟಿದ ಹಾಗೆ.

ಆ ಗಾಳಿಯನ್ನು ಓಡಿಸುವುದಕ್ಕೇ ಥರ್ಮಲ್ ಪೇಸ್ಟ್. ಇದನ್ನು ಜನ ಔಷಧಿ ಥರ ಧಾರಾಳವಾಗಿ ಮೆತ್ತುತ್ತಾರೆ, ಅದು ತಪ್ಪು. ಗಾಳಿಗಿಂತ ಎಷ್ಟೋ ಮೇಲು ನಿಜ, ಆದರೆ ತಾಮ್ರದ ಮುಂದೆ ಪೇಸ್ಟ್ ಏನೇನೂ ಅಲ್ಲ, ಹತ್ತಾರು ಪಟ್ಟು ಕಳಪೆ. ಲೋಹದ ಮೇಲಿನ ಸಣ್ಣ ಗೀರು, ಕುಳಿ ತುಂಬುವಷ್ಟಿದ್ದರೆ ಸಾಕು. ಒಣಗಿ ಸುಣ್ಣದಂತಾಗಿದ್ದ ಹಳೆಯದನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬಟಾಣಿಯಷ್ಟು ಹೊಸದನ್ನು ನಡುವೆ ಇಟ್ಟೆ. ಎದುರುಬದುರು ಪಿನ್‌ಗಳನ್ನು ಜೋಡಿಯಾಗಿ ಒತ್ತಿದೆ. ನಾಲ್ಕು ಸಲ ಟಕ್ ಅಂದಿತು. ತಾಪಮಾನ 84ಕ್ಕೆ ಇಳಿಯಿತು, ವೇಗ 4ಕ್ಕೆ ಏರಿತು.

"ವಾಟರ್ ಕೂಲಿಂಗ್ ಹಾಕ್ಸಲೇನ್ರಿ?" ಅಂದ. ಬೇಡ ಅಂದೆ. ನೀರು ಬಿಸಿಯನ್ನು ಚೆನ್ನಾಗಿಯೇ ಹೊರುತ್ತದೆ, ಆದರೆ ಕೊನೆಗೆ ಸುರಿಯುವುದು ಇದೇ ಕೋಣೆಯ ಗಾಳಿಗೆ. ಕೋಣೆ 38 ಇದ್ದರೆ ಪ್ರೊಸೆಸರ್ 38ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಫ್ಯಾನಿರಲಿ ನೀರಿರಲಿ. ಅವನಿಗೆ ಬೇಕಿದ್ದರೆ ತಾಮ್ರದ ಹೀಟ್‌ಪೈಪ್ ಇರುವ ಕೂಲರ್ ಸಾಕು. ಆ ಕೊಳವೆಯೊಳಗೆ ಗಾಳಿ ತೆಗೆದು ಒಂದಿಷ್ಟೇ ನೀರು ಬಿಟ್ಟಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಅದು 100 ಡಿಗ್ರಿಗೆ ಕಾಯದೆ ತುಂಬ ಮೊದಲೇ ಕುದಿಯುತ್ತದೆ. ಹಬೆ ಮೇಲೆ ಹೋಗಿ ತಣ್ಣಗಾಗಿ ಮತ್ತೆ ನೀರಾಗುವಾಗ ಬಿಸಿಯನ್ನೆಲ್ಲ ಅಲ್ಲಿ ಬಿಡುತ್ತದೆ. ಇಡ್ಲಿ ಪಾತ್ರೆಯ ಹಬೆ ಕೈಗೆ ತಾಗಿದರೆ ಹೇಗೆ ಸುಡುತ್ತದೆ ಅಂತ ಗೊತ್ತಲ್ಲ, ಅದೇ ಕೆಲಸ.

ಖರ್ಚೇ ಇಲ್ಲದ ದಾರಿ ಇನ್ನೊಂದಿದೆ: ಹುಟ್ಟುವ ಬಿಸಿಯನ್ನೇ ಕಡಿಮೆ ಮಾಡುವುದು. ಚಿಪ್ಪು ಕೆಲಸ ಮಾಡುವಾಗ ತಿನ್ನುವ ಶಕ್ತಿ ಮುಖ್ಯವಾಗಿ ವೋಲ್ಟೇಜಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದಾಗ ಬರುವುದಕ್ಕೆ, ತಕ್ಕಂತೆ ಏರುತ್ತದೆ. 1.25 ವೋಲ್ಟ್ ಇದ್ದದ್ದನ್ನು 1.15ಕ್ಕೆ ಇಳಿಸಿದರೆ ವೋಲ್ಟೇಜ್ ಇಳಿದದ್ದು ಶೇ 8, ಶಕ್ತಿ ಶೇ 15. ವೇಗ ಅಷ್ಟೇ ಇರುತ್ತದೆ. ಜಾಸ್ತಿ ಇಳಿಸಿದರೆ ಕಂಪ್ಯೂಟರ್ ನಿಂತುಬಿಡುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಬೇಕು. ಇವನ ಮದರ್‌ಬೋರ್ಡು ವೋಲ್ಟೇಜ್ ಮುಟ್ಟಲು ಬಿಡಲಿಲ್ಲ. ಆದರೆ ಬಯಾಸ್‌ನಲ್ಲಿ, ಅಂದರೆ ಬೋರ್ಡಿನದೇ ಸೆಟ್ಟಿಂಗ್‌ಗಳಲ್ಲಿ, ವಾಟ್ ಮಿತಿಯನ್ನು ಸಡಿಲ ಬಿಟ್ಟುಕೊಂಡಿತ್ತು. ಅದನ್ನು 65ಕ್ಕೆ ಕಟ್ಟಿದೆ. ತಾಪಮಾನ 77.

ಹೊರಡುವಾಗ ಅವನು ಕೊಟ್ಟ ಒಂದು ಊದಿನಕಡ್ಡಿ ಹಚ್ಚಿ ಡಬ್ಬಿಯ ಮುಂದೆ ಹಿಡಿದೆ. ಗಾಳಿ ಹೋಗುವ ದಾರಿ ನೋಡಲು ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಹೊಗೆ ಮುಂದಿನಿಂದ ಒಳಗೆ ಹೋಯಿತು, ಹಿಂದಿನಿಂದ ಹೊರಬಂತು, ಗೋಡೆಗೆ ಬಡಿದು ಮೇಜಿನ ಕೆಳಗೇ ಸುತ್ತಿ ಮತ್ತೆ ಮುಂದಿನಿಂದ ಒಳಗೆ ಹೋಯಿತು. ಅದೇ ಬಿಸಿ ಗಾಳಿಯನ್ನು ಪಾಪ ದಿನವಿಡೀ ಕುಡಿಯುತ್ತಿತ್ತು.

"ಊದಿನಕಡ್ಡಿ ಎಲ್ಲಿತ್ತು?" ಅಂತ ಕೇಳಿದೆ. ಮೇಜಿನ ಪಕ್ಕದ ಸಣ್ಣ ಗೂಡು ತೋರಿಸಿದ. ಅಲ್ಲಿ ದೇವರ ಫೋಟೊ, ದಿನಕ್ಕೆರಡು ಹೊತ್ತು ಹೊಗೆ. ಅಂಟು ಧೂಳಿನ ಗುಟ್ಟು ಅದು. ಅವನು ಫೋಟೊ ನೋಡಿದ, ಡಬ್ಬಿ ನೋಡಿದ, ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಡಬ್ಬಿಯನ್ನೇ ಎತ್ತಿ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಇಟ್ಟ.