180 ರೂಪಾಯಿಯ ಸಿಲಿಂಡರ್

2020ರ ಸೆಪ್ಟೆಂಬರ್ ಕೊನೆಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಸಿಲಿಂಡರಿನಲ್ಲಿ ತುಂಬಿ ಮಾರುವ ವೈದ್ಯಕೀಯ ಆಮ್ಲಜನಕಕ್ಕೆ ಘನ ಮೀಟರಿಗೆ 25 ರೂಪಾಯಿ 71 ಪೈಸೆಯ ಗರಿಷ್ಠ ಬೆಲೆ ಕಟ್ಟಿತು. ಆಸ್ಪತ್ರೆಗಳಲ್ಲಿ ಜಂಬೋ ಎಂದು ಕರೆಯುವ ದೊಡ್ಡ ಸಿಲಿಂಡರಿನ ಒಳಗಾತ್ರ ಸುಮಾರು 46.7 ಲೀಟರ್. 150 ಬಾರ್ ಒತ್ತಡದಲ್ಲಿ, ಅಂದರೆ ಸುತ್ತಲಿನ ಗಾಳಿಯ ಸುಮಾರು 150 ಪಟ್ಟು ಒತ್ತಡದಲ್ಲಿ, ತುಂಬಿದ ಅನಿಲ ಹೊರಬಂದಾಗ 7,000 ಲೀಟರ್ ಆಗುತ್ತದೆ, ಅಂದರೆ 7 ಘನ ಮೀಟರ್. ತೆರಿಗೆ, ಸಾಗಣೆ ಬಿಟ್ಟರೆ ಆ ಅನಿಲದ ಬೆಲೆ ಆಗ 180 ರೂಪಾಯಿ.

ಏಳು ತಿಂಗಳ ನಂತರ, ಕೋವಿಡ್‌ನ ಎರಡನೇ ಅಲೆಯ ನಡುವೆ, 2021ರ ಮೇ 2ರ ರಾತ್ರಿಯಿಂದ 3ರವರೆಗೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಸತ್ತರು. ಆಮ್ಲಜನಕದ ಕೊರತೆಯೇ ಕಾರಣ ಎಂದು ಹೈಕೋರ್ಟ್ ನೇಮಿಸಿದ ಸಮಿತಿ ಹೇಳಿತು. ಇಷ್ಟು ಅಗ್ಗದ ವಸ್ತು ಸಿಗದೆ ಜನ ಸಾಯಬೇಕಾಗಿ ಬಂದದ್ದು ಹೇಗೆ? ಇದಕ್ಕೆ ಉತ್ತರ ಅನಿಲದ ಬೆಲೆಯಲ್ಲಿ ಸಿಗುವುದಿಲ್ಲ. ಅದನ್ನು ಕೂಡಿಡುವ ಟ್ಯಾಂಕು, ಹೊತ್ತು ತರುವ ಟ್ಯಾಂಕರು, ನೋಡಿಕೊಳ್ಳುವ ಕೈಗಳು, ಇವಕ್ಕೆ ಯಾರು ಯಾವಾಗ ಹಣ ಕೊಟ್ಟರು ಎಂಬುದರಲ್ಲಿ ಹುಡುಕಬೇಕು.

ಮೊದಲು ವಾರ್ಡಿನ ಲೆಕ್ಕ. ಮೂಗಿಗೆ ಸಣ್ಣ ಕೊಳವೆ ಹಾಕಿಸಿಕೊಂಡ ರೋಗಿಗೆ ನಿಮಿಷಕ್ಕೆ 1ರಿಂದ 5 ಲೀಟರ್ ಸಾಕು. ಚೀಲವಿರುವ ಮುಖಗವಸಿಗೆ 10ರಿಂದ 15 ಲೀಟರ್ ಬೇಕು. ಹೈ ಫ್ಲೋ ಎನ್ನುವ ಯಂತ್ರ ನಿಮಿಷಕ್ಕೆ 60 ಲೀಟರಿನವರೆಗೆ ಗಾಳಿ ಕೊಡಬಲ್ಲದು, ರೋಗಿ ಗಂಭೀರವಾಗಿದ್ದರೆ ಅದರಲ್ಲಿ ಬಹುಪಾಲು ಶುದ್ಧ ಆಮ್ಲಜನಕವೇ ಇರುತ್ತದೆ. 50 ಹಾಸಿಗೆಯ ಒಂದು ಕೋವಿಡ್ ವಾರ್ಡ್ ಇದೆ ಎಂದಿಟ್ಟುಕೊಳ್ಳಿ. 40 ಮಂದಿಗೆ 10 ಲೀಟರಿನಂತೆ 400, ಉಳಿದ 10 ಮಂದಿಗೆ 40 ಲೀಟರಿನಂತೆ 400, ಒಟ್ಟು ನಿಮಿಷಕ್ಕೆ 800 ಲೀಟರ್. ಗಂಟೆಗೆ ಸುಮಾರು 7 ಜಂಬೋ ಸಿಲಿಂಡರ್, ದಿನಕ್ಕೆ 165. ಖಾಲಿ ಜಂಬೋ ಒಂದರ ತೂಕವೇ 50 ಕಿಲೋ ದಾಟುತ್ತದೆ. ಅದನ್ನು ಉರುಳಿಸಿ ತಂದು, ಸಿಲಿಂಡರ್‌ಗಳನ್ನು ಸಾಲಾಗಿ ಜೋಡಿಸುವ ಮ್ಯಾನಿಫೋಲ್ಡ್‌ಗೆ ತಿರುಪಿ, ಸೋರುತ್ತಿಲ್ಲ ಎಂದು ನೋಡಿ, ಖಾಲಿಯಾದದ್ದನ್ನು ಕಳಚಿ ಲಾರಿಗೆ ಹೇರುವ ಕೆಲಸ ಹಗಲು ರಾತ್ರಿ ಎಂಟೊಂಬತ್ತು ನಿಮಿಷಕ್ಕೊಮ್ಮೆ ನಡೆಯಬೇಕು. ಹೆಚ್ಚಿನ ಆಸ್ಪತ್ರೆಗಳಲ್ಲಿ ಇದನ್ನು ಮಾಡುವವರು ಹೊರಗುತ್ತಿಗೆಯ ಡಿ ಗುಂಪಿನ ನೌಕರರು. ತುಂಬಿಸುವ ಘಟಕ ಬೇರೆ ಊರಿನಲ್ಲಿದ್ದರೆ ಲಾರಿಯ ದಾರಿಯೂ ಲೆಕ್ಕಕ್ಕೆ ಸೇರುತ್ತದೆ. ಚಾಮರಾಜನಗರಕ್ಕೆ ಸಿಲಿಂಡರ್ ತುಂಬಿ ಬರಬೇಕಾದದ್ದು ಮೈಸೂರಿನಿಂದ.

ಅದೇ ವಾರ್ಡಿಗೆ 6,000 ಲೀಟರಿನ ದ್ರವ ಆಮ್ಲಜನಕದ ಟ್ಯಾಂಕ್ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಆಮ್ಲಜನಕವನ್ನು ಸೊನ್ನೆಗಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಂಪು ಮಾಡಿದರೆ ಅದು ದ್ರವವಾಗುತ್ತದೆ. ಆ ದ್ರವದ ಒಂದು ಲೀಟರ್ ಆವಿಯಾದರೆ ಸುಮಾರು 860 ಲೀಟರ್ ಅನಿಲ. ತುಂಬಿದ ಟ್ಯಾಂಕ್ ಈ ವಾರ್ಡನ್ನು ನಾಲ್ಕು ದಿನಕ್ಕೂ ಹೆಚ್ಚು ಕಾಯುತ್ತದೆ. ಆದರೆ ಟ್ಯಾಂಕ್ ಇದ್ದಮಾತ್ರಕ್ಕೆ ನಿಶ್ಚಿಂತೆಯಿಲ್ಲ. ದ್ರವವನ್ನು ಅನಿಲವಾಗಿಸುವ ವೇಪರೈಸರ್ ಎಂದರೆ ಸುತ್ತಲಿನ ಗಾಳಿಯ ಬಿಸಿಯನ್ನು ಹೀರುವ ರೆಕ್ಕೆಗಳಿರುವ ಲೋಹದ ಕೊಳವೆಗಳು. ಅವನ್ನು ಸಾಧಾರಣ ದಿನಗಳ ಬಳಕೆಗೆ ಅಳೆದು ಹಾಕಿರುತ್ತಾರೆ. ಬೇಡಿಕೆ ನಾಲ್ಕು ಪಟ್ಟಾದರೆ ರೆಕ್ಕೆಗಳ ಮೇಲೆ ಮಂಜುಗಡ್ಡೆ ಕಟ್ಟಿ, ಬಿಸಿ ಒಳಹೋಗದೆ, ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ. ಟ್ಯಾಂಕ್ ತುಂಬಿರುತ್ತದೆ, ಸಾಲಿನ ಕೊನೆಯ ಹಾಸಿಗೆಗೆ ಮಾತ್ರ ಅನಿಲ ತಲುಪುವುದಿಲ್ಲ. ಹೆಚ್ಚುವರಿ ವೇಪರೈಸರ್ ಕೂಡಿಸಿ ಸರದಿಯಲ್ಲಿ ಬಳಸುವುದು ಇದಕ್ಕೆ ಪರಿಹಾರ. ಅಲ್ಲಿಯವರೆಗೆ ರೆಕ್ಕೆಗಳ ಮೇಲೆ ನೀರು ಹಾಯಿಸುವುದು ತಕ್ಷಣದ ಉಪಾಯ.

ಮೊದಲ ಅಲೆಯಲ್ಲಿ ಇಡೀ ದೇಶದ ಗರಿಷ್ಠ ಬೇಡಿಕೆ ದಿನಕ್ಕೆ 3,095 ಟನ್ ಇತ್ತು. ಎರಡನೆಯದರಲ್ಲಿ ಸುಮಾರು 9,000. ಅನಿಲ ತಯಾರಾಗುವ ದೊಡ್ಡ ಜಾಗಗಳು ಉಕ್ಕಿನ ಕಾರ್ಖಾನೆಗಳು: ಜಮ್ಶೆಡ್‌ಪುರ, ರೂರ್ಕೆಲಾ, ಬೊಕಾರೊ, ಭಿಲಾಯಿ, ನಮ್ಮಲ್ಲಿ ಬಳ್ಳಾರಿ ಬಳಿಯ ತೋರಣಗಲ್ಲು. ಅಲ್ಲಿ ಆಮ್ಲಜನಕ ಕುಲುಮೆಗಾಗಿ ಹುಟ್ಟುತ್ತದೆ, ಬಹುಪಾಲು ಅನಿಲ ರೂಪದಲ್ಲೇ ಖರ್ಚಾಗುತ್ತದೆ. ದ್ರವವಾಗಿಸಿ ಟ್ಯಾಂಕರಿಗೆ ತುಂಬಲು ಆಗುವುದು ಅದರ ಒಂದು ಭಾಗ ಮಾತ್ರ. ತೋರಣಗಲ್ಲಿನಲ್ಲಿ ಕಾರ್ಖಾನೆಯ ಪಕ್ಕದಲ್ಲೇ ತಾತ್ಕಾಲಿಕ ಆಸ್ಪತ್ರೆ ಕಟ್ಟಿ, ಅನಿಲವನ್ನು ನೇರ ಪೈಪಿನಲ್ಲಿ ಹರಿಸಿದ್ದು ಈ ಅಡಚಣೆಯನ್ನು ದಾಟುವ ಜಾಣ ದಾರಿಯಾಗಿತ್ತು.

ಉಳಿದೆಡೆಗೆ ಟ್ಯಾಂಕರೇ ಗತಿ. ಅತಿಶೀತ ದ್ರವಕ್ಕೆ ಎರಡು ಗೋಡೆಗಳ ನಡುವೆ ನಿರ್ವಾತವಿರುವ ವಿಶೇಷ ಟ್ಯಾಂಕರ್ ಬೇಕು. ತುಂಬಿದ್ದನ್ನು ವಿಮಾನದಲ್ಲಿ ಒಯ್ಯುವುದು ಅಪಾಯ, ಹಾಗಾಗಿ ವಾಯುಪಡೆ ಖಾಲಿ ಟ್ಯಾಂಕರುಗಳನ್ನು ಪೂರ್ವಕ್ಕೆ ಹಾರಿಸಿತು, ತುಂಬಿದವು ರೈಲಿನಲ್ಲೋ ರಸ್ತೆಯಲ್ಲೋ ಬಂದವು. ಜಮ್ಶೆಡ್‌ಪುರದಿಂದ 120 ಟನ್ ಹೊತ್ತ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಬೆಂಗಳೂರಿನ ವೈಟ್‌ಫೀಲ್ಡ್‌ಗೆ ತಲುಪಿದ್ದು ಮೇ 11ರಂದು. ಅದಕ್ಕೂ ಆರು ದಿನ ಮೊದಲು, ರಾಜ್ಯದ ಪಾಲನ್ನು ದಿನಕ್ಕೆ 965 ಟನ್‌ನಿಂದ 1,200ಕ್ಕೆ ಏರಿಸುವಂತೆ ಹೈಕೋರ್ಟ್ ಕೇಂದ್ರಕ್ಕೆ ಆದೇಶಿಸಬೇಕಾಯಿತು. ಅದರಲ್ಲಿ ಕೈಹಾಕಲು ಸುಪ್ರೀಂ ಕೋರ್ಟ್ ಮೇ 7ರಂದು ಒಪ್ಪಲಿಲ್ಲ. ಆಸ್ಪತ್ರೆಯ ಟ್ಯಾಂಕಿನ ಮಟ್ಟವನ್ನು ನ್ಯಾಯಾಲಯ ನೋಡಿಕೊಳ್ಳಬೇಕಾದ ಸ್ಥಿತಿ ಅದು.

ಈಗ ಹಣದ ದಾರಿ. 2020ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರಿಗೆ 2,000 ಕೋಟಿ ರೂಪಾಯಿ ಎತ್ತಿಡಲಾಯಿತು. ವೆಂಟಿಲೇಟರ್ ಆಮ್ಲಜನಕವನ್ನು ಬಳಸುವ ಯಂತ್ರ, ತಯಾರಿಸುವುದಲ್ಲ. ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಪಿಎಸ್‌ಎ ಘಟಕಗಳಿಗೆ ಹಣ ಬಂದದ್ದು 2021ರ ಜನವರಿಯಲ್ಲಿ: 162 ಘಟಕಗಳಿಗೆ 201.58 ಕೋಟಿ. ಏಪ್ರಿಲ್ 18ಕ್ಕೆ, ಅಲೆ ತಲೆಯ ಮೇಲೆ ಬಂದಿದ್ದಾಗ, ಕೂಡಿಸಿ ಮುಗಿದಿದ್ದವು 33. 162 ಘಟಕಗಳೂ ಸಿದ್ಧವಾಗಿದ್ದರೂ ಅವು ಕೊಡುತ್ತಿದ್ದದ್ದು ದಿನಕ್ಕೆ 154 ಟನ್, 9,000ದ ಮುಂದೆ ಸಣ್ಣದು. ಆದರೆ ರೈಲು ಬರುವವರೆಗೆ ಜಿಲ್ಲಾ ಆಸ್ಪತ್ರೆಯೊಂದನ್ನು ಉಸಿರಾಡಿಸುವುದು ಈ ಸಣ್ಣದೇ. ನಿಮಿಷಕ್ಕೆ 1,000 ಲೀಟರಿನ ಒಂದೇ ಘಟಕ ಮೇಲಿನ ನಮ್ಮ ವಾರ್ಡಿಗೆ ಸಾಲುತ್ತದೆ. ದಿನಕ್ಕೆ 200 ಜಂಬೋಗೆ ಸಮ.

ಮಹಾರಾಷ್ಟ್ರದ ನಂದುರ್‌ಬಾರ್, ಆದಿವಾಸಿಗಳೇ ಹೆಚ್ಚಿರುವ ಜಿಲ್ಲೆ, ಇದನ್ನು ಮುಂಚೆಯೇ ಮಾಡಿತ್ತು. ಜಿಲ್ಲಾಧಿಕಾರಿ ರಾಜೇಂದ್ರ ಭಾರೂಡ್ 2020ರ ಸೆಪ್ಟೆಂಬರಿನಲ್ಲಿ, ಸೋಂಕು ಇಳಿಯುತ್ತಿರುವ ಹೊತ್ತಿನಲ್ಲಿ, ಮೊದಲ ಘಟಕ ಹಾಕಿಸಿದರು. ಜಿಲ್ಲಾ ಯೋಜನೆ, ವಿಪತ್ತು ಪರಿಹಾರ ನಿಧಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಮೂರನ್ನೂ ಕೂಡಿಸಿದರು. ಒಂದಕ್ಕೆ ತಗುಲಿದ್ದು ಸುಮಾರು 85 ಲಕ್ಷ. ಏಪ್ರಿಲಿನಲ್ಲಿ ಅಲ್ಲಿನ ಸಾಮರ್ಥ್ಯ ನಿಮಿಷಕ್ಕೆ 2,400 ಲೀಟರ್. ಜೊತೆಗೆ ಐವತ್ತು ಹಾಸಿಗೆಗೆ ಒಬ್ಬ ನರ್ಸ್, ಕೆಲಸ ಒಂದೇ: ಯಾರಿಗೆ ಎಷ್ಟು ಹರಿವು ಬೇಕೆಂದು ನೋಡುವುದು. ರಕ್ತದ ಆಮ್ಲಜನಕ ಶೇ. 98 ಇರುವ ರೋಗಿಗೆ ಹರಿವು ತಗ್ಗಿಸಬಹುದು. ಊಟಕ್ಕೆ ಮುಖಗವಸು ತೆಗೆದಾಗ ಹರಿವಿನ ತಿರುಪನ್ನು ಮುಚ್ಚದಿದ್ದರೆ ನಿಮಿಷಕ್ಕೆ 15 ಲೀಟರ್ ಗಾಳಿಪಾಲು. ಮಳೆಗೆ ಮುಂಚೆ ಕೆರೆಯ ಹೂಳೆತ್ತುವ ಊರಿನವರಿಗೆ ಈ ವಿವೇಕ ಹೊಸದಲ್ಲ. ಆದರೆ ಆರೋಗ್ಯದ ಲೆಕ್ಕದಲ್ಲಿ ಬಳಸಿದ ಅನಿಲಕ್ಕೆ ಬಿಲ್ ಪಾವತಿಯಾಗುತ್ತದೆ, ಬಳಸದೆ ಕಾದಿಟ್ಟ ಟ್ಯಾಂಕಿಗೆ ಬಜೆಟ್ಟಿನಲ್ಲಿ ಶೀರ್ಷಿಕೆಯೇ ಸಿಗುವುದು ಕಷ್ಟ.

ಆ 201.58 ಕೋಟಿಯ ಒಳಗೆ ಇನ್ನೊಂದು ಪಾಠವಿದೆ. ಅದರಲ್ಲಿ 137.33 ಕೋಟಿ ಘಟಕಗಳ ಪೂರೈಕೆ, ಸ್ಥಾಪನೆಗೆ, ಸುಮಾರು 64.25 ಕೋಟಿ ನಿರ್ವಹಣಾ ಗುತ್ತಿಗೆಗೆ. ಮೂರು ವರ್ಷ ಖಾತರಿ, ಮುಂದಿನ ಏಳು ವರ್ಷ ಗುತ್ತಿಗೆ. ಇದು ಒಳ್ಳೆಯ ಏರ್ಪಾಡು, ನಮ್ಮಲ್ಲಿ ಅಪರೂಪದ್ದು. ಆದರೆ ದಿನನಿತ್ಯ ಓಡಿಸುವ ಹೊಣೆ ಆಸ್ಪತ್ರೆಗೆ, ರಾಜ್ಯಕ್ಕೆ. ಆ ಹೊಣೆ ಏನೆಂದು ಯಂತ್ರವನ್ನು ತೆರೆದು ನೋಡಬೇಕು. ಕಂಪ್ರೆಸರ್ ಗಾಳಿಯನ್ನು ಒತ್ತುತ್ತದೆ, ಡ್ರೈಯರ್ ತೇವ ತೆಗೆಯುತ್ತದೆ, ಫಿಲ್ಟರುಗಳು ಎಣ್ಣೆಯ ಹನಿ ಹಿಡಿಯುತ್ತವೆ, ಆಮೇಲೆ ಜಿಯೋಲೈಟ್ ಎಂಬ ಖನಿಜದ ಹರಳು ತುಂಬಿದ ಎರಡು ಗೋಪುರಗಳು ಸರದಿಯಲ್ಲಿ ಸಾರಜನಕವನ್ನು ಹಿಡಿದು ಬಿಡುತ್ತವೆ. ಹೊರಬರುವುದು ಸುಮಾರು ಶೇ. 93 ಆಮ್ಲಜನಕ. ಫಿಲ್ಟರ್ ಬದಲಿಸುವುದು ತಡವಾದರೆ ಎಣ್ಣೆ, ತೇವ ಜಿಯೋಲೈಟಿಗೆ ಸೇರಿ ಅದರ ಹಿಡಿಯುವ ಶಕ್ತಿ ಹೋಗುತ್ತದೆ. ಘಟಕ ಸದ್ದು ಮಾಡುತ್ತಲೇ ಇರುತ್ತದೆ, ಶುದ್ಧತೆ ಮಾತ್ರ ಇಳಿಯುತ್ತದೆ. ಮಾಪಕ ಕೆಟ್ಟಿದ್ದರೆ ಅದೂ ಗೊತ್ತಾಗದು. ಘನ ಮೀಟರಿಗೆ ಒಂದು ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಬೇಕು: 1,000 ಲೀಟರಿನ ಘಟಕ ದಿನವಿಡೀ ಓಡಿದರೆ ಒಂದೂವರೆ ಸಾವಿರ ಯೂನಿಟ್ಟಿನಷ್ಟು ಬಿಲ್, ಕರೆಂಟು ಹೋದರೆ ಅಷ್ಟನ್ನು ಹೊರಬಲ್ಲ ಜನರೇಟರ್, ಅದಕ್ಕೆ ಡೀಸೆಲ್. ಹೊರಬರುವ ಅನಿಲದ ಒತ್ತಡ ನಾಲ್ಕೈದು ಬಾರ್ ಇರುವುದರಿಂದ ಒತ್ತಡ ಏರಿಸುವ ಬೂಸ್ಟರ್ ಇಲ್ಲದೆ ಸಿಲಿಂಡರ್ ತುಂಬಲಾಗದು. ಪೈಪ್ ಇಲ್ಲದ ವಾರ್ಡಿಗೆ ಘಟಕದಿಂದ ಉಪಯೋಗವಿಲ್ಲ.

ಎರಡನೇ ಅಲೆಯ ನಂತರ ಹಣ ಹರಿಯಿತು. 2021ರ ಜುಲೈನಲ್ಲಿ 23,123 ಕೋಟಿಯ ತುರ್ತು ಯೋಜನೆಯಲ್ಲಿ ಜಿಲ್ಲೆಗೊಂದಾದರೂ ಇರಲಿ ಎಂದು 1,050 ದ್ರವ ಆಮ್ಲಜನಕದ ಟ್ಯಾಂಕುಗಳನ್ನು ಪೈಪು ಸಮೇತ ಸೇರಿಸಲಾಯಿತು. ಸರ್ಕಾರಗಳ ಒಟ್ಟು ಆರೋಗ್ಯ ವೆಚ್ಚ 2018–19ರಲ್ಲಿ ಜಿಡಿಪಿಯ ಶೇ. 1.28 ಇದ್ದದ್ದು 2021–22ಕ್ಕೆ ಶೇ. 1.84 ಆಯಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ ಇಟ್ಟುಕೊಂಡಿದ್ದ ಗುರಿ ಶೇ. 2.5. ಆ ನಡುವಿನ ಅಂತರದಲ್ಲೇ ತಂತ್ರಜ್ಞರ ಸಂಬಳ, ಫಿಲ್ಟರು, ಡೀಸೆಲ್ ಎಲ್ಲ ಸಿಕ್ಕಿಕೊಂಡಿವೆ.

2022ರ ಡಿಸೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಪಿಎಸ್‌ಎ ಘಟಕಗಳು ಓಡುವ ಸ್ಥಿತಿಯಲ್ಲಿರಬೇಕು, ಆಗಾಗ ಅಣಕು ಕಾರ್ಯಾಚರಣೆ ನಡೆಯಬೇಕು ಎಂದಿತು. ನಿಮ್ಮ ಜಿಲ್ಲಾ ಅಥವಾ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಾದರೂ ಪರಿಚಿತರಿದ್ದರೆ ನಾಲ್ಕು ಪ್ರಶ್ನೆ ಕೇಳಿ: ಘಟಕ ಕೊನೆಯ ಸಲ ಓಡಿದ್ದು ಯಾವಾಗ, ಆಗ ಶುದ್ಧತೆ ಎಷ್ಟು ಬಂತು, ಫಿಲ್ಟರ್ ಬದಲಿಸಿದ ದಿನಾಂಕ ಯಾವುದು, ರಾತ್ರಿ ಪಾಳಿಯಲ್ಲಿ ಅದನ್ನು ಚಾಲೂ ಮಾಡಬಲ್ಲವರು ಯಾರು.