ಮನೆ ಹಿಂದಿನ ನಿಂಬೆ ತೋಟ ಲೇಔಟ್ ಆಗುತ್ತದೆಯೇ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ವೆಂಚುರಾ ಕೌಂಟಿಯಲ್ಲಿ ಮನೆ ಕೊಂಡಿದ್ದೇವೆ. ಕಾಂಪೌಂಡಿನ ಆಚೆಗೆ ನಿಂಬೆ ತೋಟ. ಅದು ಮಾರಾಟಕ್ಕಿದೆ ಎಂಬ ಸುದ್ದಿ ಇದೆ. ‘ಚಿಂತೆ ಬೇಡ, ಇಲ್ಲಿ ಸೋರ್ ಎಂಬ ಕಾನೂನು ಇದೆ, ಯಾರೂ ಏನೂ ಕಟ್ಟುವಂತಿಲ್ಲ’ ಎನ್ನುತ್ತಾರೆ ನೆರೆಯವರು. ನಿಜವೇ?

ಉತ್ತರ: ಅರ್ಧ ನಿಜ. ಕಟ್ಟಬಹುದು, ಆದರೆ ಹೆಚ್ಚಿನ ಕಡೆ ಮೊದಲು ಮತದಾರರ ಬಹುಮತದ ಒಪ್ಪಿಗೆ ಬೇಕು.

ನಮ್ಮ ಕಡೆ ಹೊಲವೊಂದು ಲೇಔಟ್ ಆಗಬೇಕಾದರೆ ಭೂ ಪರಿವರ್ತನೆಯ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ. ಕಡತ ಮೇಜಿನಿಂದ ಮೇಜಿಗೆ ಸಾಗುತ್ತದೆ. ಪಕ್ಕದ ಮನೆಯವರಿಗೆ ವಿಷಯ ತಿಳಿಯುವುದು ಜೆಸಿಬಿ ಬಂದು ನಿಂತಾಗಲೇ. ವೆಂಚುರಾದಲ್ಲೂ ಹಿಂದೆ ನಿರ್ಧಾರ ಕೆಲವೇ ಜನರ ಕೈಯಲ್ಲಿತ್ತು. ಯಾವ ಜಮೀನು ಕೃಷಿಗೆ, ಯಾವುದು ಮನೆಗೆ ಎಂದು ಹೇಳುವ ‘ಜನರಲ್ ಪ್ಲಾನ್’ ಎಂಬ ದಾಖಲೆಯನ್ನು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಐವರು ಚುನಾಯಿತ ಮೇಲ್ವಿಚಾರಕರು ತಿದ್ದಬಹುದಿತ್ತು. ಐವರಲ್ಲಿ ಮೂವರು ಕೈ ಎತ್ತಿದರೆ ತೋಟ ಬಡಾವಣೆಯಾಗುತ್ತಿತ್ತು.

ಆ ಬೀಗದ ಕೈಯನ್ನು ಮತದಾರರು ಕಿತ್ತುಕೊಂಡರು. ಸಹಿ ಸಂಗ್ರಹಿಸಿ ತಾವೇ ಕಾನೂನನ್ನು ಮತಕ್ಕೆ ಹಾಕುವ ಹಕ್ಕು ಕ್ಯಾಲಿಫೋರ್ನಿಯಾದ ಜನರಿಗೆ 1911ರಿಂದಲೂ ಇದೆ. ಅದನ್ನು ಬಳಸಿಕೊಂಡು 1990ರಲ್ಲಿ ನಾಪಾ ಕೌಂಟಿಯವರು, ಮತದಾನವಿಲ್ಲದೆ ಕೃಷಿ ಜಮೀನಿನ ಗುರುತು ಬದಲಿಸುವಂತಿಲ್ಲ ಎಂದು ತಮ್ಮ ದ್ರಾಕ್ಷಿ ಸೀಮೆಗೆ ಕಾನೂನಿನ ಬೇಲಿ ಹಾಕಿದರು. ‘ಯೋಜನೆ ರೂಪಿಸುವುದು ಮತದಾರರ ಕೆಲಸವಲ್ಲ’ ಎಂದು ಕೆಲವರು ನ್ಯಾಯಾಲಯಕ್ಕೆ ಹೋದರು. 1995ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮತದಾರರ ಪರ ನಿಂತಿತು. ಅದೇ ವರ್ಷ ವೆಂಚುರಾ ನಗರ, 1998ರಲ್ಲಿ ಇಡೀ ಕೌಂಟಿ ಇಂಥದ್ದೇ ಕಾನೂನಿಗೆ ಮತ ಹಾಕಿದವು. ‘ಸೇವ್ ಓಪನ್ ಸ್ಪೇಸ್ ಅಂಡ್ ಅಗ್ರಿಕಲ್ಚರಲ್ ರಿಸೋರ್ಸಸ್’ ಎಂಬ ಉದ್ದ ಹೆಸರಿನ ಮೊದಲ ಅಕ್ಷರಗಳೇ ಸೋರ್. 2016ರಲ್ಲಿ ಇದರ ಅವಧಿ 2050ರವರೆಗೆ ವಿಸ್ತರಣೆಯಾಗಿದೆ.

ಕೌಂಟಿಯ ಜಮೀನಿಗೆ ಕೃಷಿ ಅಥವಾ ಬಯಲು ಎಂಬ ಗುರುತಿದ್ದರೆ ಅದನ್ನು ಬದಲಿಸಲು ಮತದಾನ ಬೇಕು. ಹೆಚ್ಚಿನ ನಗರಗಳು ತಮ್ಮ ಸುತ್ತ ಒಂದು ಗೆರೆಯನ್ನೂ ಎಳೆದುಕೊಂಡಿವೆ. ಅದರ ಆಚೆಗೆ ನಗರ ಬೆಳೆಯುವುದಕ್ಕೂ ಮತದಾರರೇ ಒಪ್ಪಬೇಕು. ಹೆದ್ದಾರಿ 101ರಲ್ಲಿ ಕೊನೆಹೊ ಘಟ್ಟ ಇಳಿದು ಕಮರಿಯೊ ಕಡೆಗೆ ಬಂದರೆ ಇದರ ಗುರುತು ಕಣ್ಣಿಗೇ ಬೀಳುತ್ತದೆ. ಮನೆಗಳ ಹಿತ್ತಿಲ ಗೋಡೆ ಮುಗಿದಲ್ಲಿಯೇ ಪ್ಲಾಸ್ಟಿಕ್ ಹೊದೆಸಿದ ಸ್ಟ್ರಾಬೆರಿ ಮಡಿಗಳು ಶುರು. ನಡುವೆ ಹಾಳು ಸೈಟುಗಳಿಲ್ಲ, ಕಳೆ ಬೆಳೆದ ಲೇಔಟುಗಳಿಲ್ಲ. ಬೆಂಗಳೂರಿನ ಹೊರವಲಯ ನೋಡಿ ಬೆಳೆದವರಿಗೆ ಇದು ವಿಚಿತ್ರವೆನಿಸಬಹುದು.

ಜನರ ಮುಂದೆ ಹೋದ ಯೋಜನೆಗಳೆಲ್ಲ ಬಿದ್ದುಹೋಗುತ್ತವೆ ಎಂದೇನಿಲ್ಲ. 2006ರಲ್ಲಿ ಇದೇ ಕೌಂಟಿಯ ಮೂರ್‌ಪಾರ್ಕ್ ನಗರದವರು 1,680 ಮನೆಗಳ ಯೋಜನೆಯನ್ನು ತಿರಸ್ಕರಿಸಿದರು. ಎರಡೇ ವರ್ಷಕ್ಕೆ, ಸಾಂತಾ ಪೌಲಾದಲ್ಲಿ ಲಿಮೊನೀರಾ ಎಂಬ ಹಳೆಯ ನಿಂಬೆ ಕಂಪನಿ ತನ್ನದೇ ತೋಟದಲ್ಲಿ 1,500 ಮನೆಗಳಿಗೆ ಒಪ್ಪಿಗೆ ಕೇಳಿದಾಗ ಶೇ 80ಕ್ಕೂ ಹೆಚ್ಚು ಮಂದಿ ಹೂಂ ಎಂದರು. ಅಲ್ಲಿ ಶಾಲೆ, ಉದ್ಯಾನಗಳೂ ಯೋಜನೆಯ ಭಾಗವಾಗಿದ್ದವು. ಬಿಲ್ಡರ್ ಈಗ ಐವರ ಬದಲು ಊರಿಗೆ ಊರನ್ನೇ ಒಲಿಸಿಕೊಳ್ಳಬೇಕು. ಖರ್ಚು, ಕಾಲ ಎರಡೂ ಹೆಚ್ಚು. ಹಾಗಾಗಿ ಎಷ್ಟೋ ಮಂದಿ ಆ ಉಸಾಬರಿಯೇ ಬೇಡವೆಂದು ನಗರದೊಳಗಿನ ಹಳೆಯ ಪಾರ್ಕಿಂಗ್ ಜಾಗಗಳಲ್ಲಿ, ಮುಚ್ಚಿದ ಅಂಗಡಿ ಸಾಲುಗಳಲ್ಲಿ ಮಹಡಿ ಏರಿಸುವ ಕಡೆ ನೋಡುತ್ತಾರೆ.

ತೋಟದ ಬೆಲೆಯ ಮೇಲೂ ಪರಿಣಾಮವಿದೆ. ನಾಳೆ ಸೈಟಾಗುತ್ತದೆ ಎಂಬ ಆಸೆ ಇದ್ದಲ್ಲಿ ಜಮೀನಿಗೆ ಸೈಟಿನ ದರ. ಆಸೆ ಹೋದರೆ ನಿಂಬೆಹಣ್ಣು ಎಷ್ಟು ದುಡಿಯುತ್ತದೋ ಅಷ್ಟಕ್ಕೆ ಹತ್ತಿರದ ದರ. ಕೃಷಿಕರ ಸಂಘಟನೆಗಳೇ ಸೋರ್ ಅನ್ನು ವಿರೋಧಿಸಿದ್ದರಲ್ಲಿ ಅಚ್ಚರಿಯೇನಿಲ್ಲ. ಮನೆ ಬೆಲೆ ಏರಲು ಇದೇ ಕಾರಣ ಎನ್ನುವವರೂ ಇದ್ದಾರೆ. ಪೂರ್ತಿ ಒಪ್ಪಲಾರೆ, ಕ್ಯಾಲಿಫೋರ್ನಿಯಾ ಕರಾವಳಿಯುದ್ದಕ್ಕೂ ಮನೆ ದುಬಾರಿಯೇ. ಆದರೆ ಈಗಾಗಲೇ ಮನೆ ಇರುವವರು ಮತ ಹಾಕಿ, ಇನ್ನೂ ಬಾರದವರಿಗೆ ಬಾಗಿಲು ಕಿರಿದು ಮಾಡುತ್ತಾರೆ ಎಂಬ ದೂರನ್ನು ತಳ್ಳಿಹಾಕುವುದು ಕಷ್ಟ. ಆ ಸ್ಟ್ರಾಬೆರಿ ಕೀಳುವ ಕೂಲಿಕಾರರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟವಾಗಿದೆ.

ಇನ್ನು ನಿಮ್ಮ ತೋಟ. ಕೌಂಟಿಯ ಯೋಜನಾ ವಿಭಾಗದಲ್ಲಿ ನಕ್ಷೆ ನೋಡಿ, ಅದು ನಗರದ ಗೆರೆಯ ಒಳಗಿದೆಯೇ, ಹೊರಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಒಳಗಿದ್ದರೆ ನೆರೆಯವರ ಮಾತು ನಂಬಿ ಕೂರಬೇಡಿ. ಸಾಮಾನ್ಯವಾಗಿ ನಗರಸಭೆಯ ಒಪ್ಪಿಗೆಯೇ ಸಾಕಾಗಬಹುದು. ಹೊರಗಿದ್ದರೆ, ಒಡೆಯ ಬದಲಾದರೂ ಜಮೀನಿನ ಗುರುತು ಬದಲಾಗುವುದಿಲ್ಲ. ಹಾಗೆಂದು ಅದು ಪಾರ್ಕ್ ಆಗುವುದೂ ಇಲ್ಲ: ಖಾಸಗಿ ಆಸ್ತಿ, ಬೇಲಿ ದಾಟುವಂತಿಲ್ಲ. ತೋಟ ಉಳಿದರೆ ಟ್ರ್ಯಾಕ್ಟರ್ ಧೂಳೂ ಉಳಿಯುತ್ತದೆ, ಔಷಧಿ ಸಿಂಪಡಿಸುವ ಯಂತ್ರದ ಸದ್ದೂ ಉಳಿಯುತ್ತದೆ. ಆ ಹೊತ್ತಿಗೆ ಕಿಟಕಿ ಮುಚ್ಚಿಕೊಳ್ಳಿ.