ಪಂಪು ಬಿಸಿಯಾಗುವುದು ಉಜ್ಜುವುದರಿಂದಷ್ಟೇ ಅಲ್ಲ

ಸೈಕಲ್ ಟ್ಯೂಬಿಗೆ ಜೋರಾಗಿ ಗಾಳಿ ಹೊಡೆದು, ಪಂಪಿನ ಕೆಳತುದಿ ಮುಟ್ಟಿ ನೋಡಿ. ಚುರುಕ್ ಅನ್ನುತ್ತದೆ. ಒಳಗಿನ ವಾಷರ್ ಉಜ್ಜಿ ಬಿಸಿಯಾಯಿತು ಅಂದುಕೊಂಡು ಸುಮ್ಮನಾಗುತ್ತೇವೆ. ಅದೊಂದೇ ಕಾರಣವಾಗಿದ್ದರೆ ಕೊಳವೆ ಉದ್ದಕ್ಕೂ ಒಂದೇ ಥರ ಕಾಯಬೇಕಿತ್ತು ಅಲ್ವಾ? ಜಾಸ್ತಿ ಕಾಯುವುದು ಗಾಳಿ ಒತ್ತಿಕೊಳ್ಳುವ ಜಾಗ. ಅಂದರೆ ಒತ್ತಿದ ಗಾಳಿಯೇ ಬಿಸಿಯಾಗುತ್ತದೆ.

ಆಗ್ನೇಯ ಏಷ್ಯಾದ ಜನ ಇದರಿಂದಲೇ ಬೆಂಕಿ ಹೊತ್ತಿಸುತ್ತಿದ್ದರು. ಒಂದು ತುದಿ ಮುಚ್ಚಿದ ಪುಟ್ಟ ಕೊಳವೆ, ಅದರೊಳಗೆ ಬಿಗಿಯಾಗಿ ಕೂರುವ ಕೋಲು, ಕೋಲಿನ ತುದಿಯಲ್ಲಿ ಚಿಟಿಕೆಯಷ್ಟು ಒಣ ನಾರು. ಒಂದೇ ಏಟಿಗೆ ಗುದ್ದಿ ಎಳೆದರೆ ನಾರಿನಲ್ಲಿ ಕೆಂಡ! ನಿಧಾನಕ್ಕೆ ಒತ್ತಿದರೆ ಏನೂ ಆಗದು, ಶಾಖವೆಲ್ಲ ಕೊಳವೆಯ ಗೋಡೆಗೆ ಸೋರಿಹೋಗುತ್ತದೆ. ಹಾಗೆ ಸೋರಲು ಬಿಡದೆ ಒತ್ತುವುದಕ್ಕೇ ಅಡಿಯಾಬ್ಯಾಟಿಕ್ ಎನ್ನುವುದು.

ಇದು ಗೊತ್ತಿಲ್ಲದೆ ನ್ಯೂಟನ್‌ ಕೂಡ ಎಡವಿದ. 1687ರಲ್ಲಿ ಅವನು ಕಟ್ಟಿದ ಲೆಕ್ಕದಲ್ಲಿ ಶಬ್ದದ ವೇಗ ನಿಜಕ್ಕಿಂತ ಸುಮಾರು 15% ಕಮ್ಮಿ ಬರುತ್ತಿತ್ತು. ಆ ಲೆಕ್ಕವಿದ್ದ ‘ಪ್ರಿನ್ಸಿಪಿಯಾ’ ಪುಸ್ತಕದ 1713ರ ಆವೃತ್ತಿಯಲ್ಲಿ ಗಾಳಿಯ ಕಣಗಳ ಗಾತ್ರ, ಆವಿ ಅಂತ ಏನೇನೋ ಸೇರಿಸಿ ಉತ್ತರ ಹೊಂದಿಸಿದ. ಸರಿಪಡಿಸಿದ್ದು 1816ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್. ಶಬ್ದ ಸಾಗುವಾಗ ಗಾಳಿ ಒತ್ತಿಕೊಳ್ಳುತ್ತದೆ, ಆ ಶಾಖಕ್ಕೆ ಸೋರಲು ಪುರುಸೊತ್ತಿಲ್ಲ. ಬಿಸಿಗಾಳಿ ಹೆಚ್ಚು ಬಿರುಸಾಗಿ ಪುಟಿಯುತ್ತದೆ, ವೇಗ ಏರುತ್ತದೆ.

ತಮಾಷೆ ನೋಡಿ: ಉತ್ತರ ಸರಿ, ನಂಬಿಕೆ ತಪ್ಪು. ಶಾಖ ಎನ್ನುವುದು ಒಂದು ದ್ರವ, ಒತ್ತಿದರೆ ಸ್ಪಂಜಿನಿಂದ ನೀರು ಬಂದಂತೆ ಹೊರಬರುತ್ತದೆ ಎಂದೇ ಲಾಪ್ಲಾಸ್ ನಂಬಿದ್ದ.

ಆ ಸ್ಪಂಜನ್ನು ಎಸೆದದ್ದು ಇಂಗ್ಲೆಂಡಿನ ವಿಜ್ಞಾನಿ ಜೌಲ್. 1845ರಲ್ಲಿ ಅವನು ನೀರಲ್ಲಿ ಮುಳುಗಿಸಿದ ಪಾತ್ರೆಗೆ ಗಾಳಿ ಒತ್ತಿ ತುಂಬಿ, ನೀರು ಎಷ್ಟು ಬೆಚ್ಚಗಾಯಿತು ಅಂತ ಅಳೆದ. ಆಮೇಲೆ ಒತ್ತಿದ ಗಾಳಿಯನ್ನು ಗಾಳಿಯೇ ಇಲ್ಲದ ಖಾಲಿ ಪಾತ್ರೆಗೆ ಹಾಗೇ ಹರಿಯಬಿಟ್ಟ. ಸ್ಪಂಜಿನ ಲೆಕ್ಕದಲ್ಲಿ ನೀರು ತಣ್ಣಗಾಗಬೇಕಿತ್ತು. ಆಗಲಿಲ್ಲ. ಅಂದರೆ ಶಾಖ ಗಾಳಿಯೊಳಗೆ ಅಡಗಿ ಕೂತಿರಲಿಲ್ಲ, ಒತ್ತಿದ ಕೈಯ ದುಡಿಮೆಯೇ ಶಾಖವಾಗಿತ್ತು.

ಕಣಗಳು ಒತ್ತೊತ್ತಾಗಿ ಒಂದಕ್ಕೊಂದು ಡಿಕ್ಕಿ ಹೊಡೆದು ಬಿಸಿಯಾಗುತ್ತವೆ ಎಂದು ಈಗಲೂ ಹಲವರು ವಿವರಿಸುತ್ತಾರೆ. ಅದು ತಪ್ಪು. ಮುಂದೆ ನುಗ್ಗುವ ಬ್ಯಾಟಿಗೆ ಬಡಿದ ಚೆಂಡು ಬಂದದ್ದಕ್ಕಿಂತ ಜೋರಾಗಿ ಹಿಂದಿರುಗುತ್ತದಲ್ಲ, ಪಿಸ್ಟನ್ನಿಗೆ ಬಡಿದ ಕಣಗಳೂ ಹಾಗೇ. ಕಣಗಳ ಓಟ ಹೆಚ್ಚಿತು ಅಂದರೆ ಬಿಸಿ ಏರಿತು ಅಂತಲೇ ಅರ್ಥ.

1897ರಲ್ಲಿ ರುಡಾಲ್ಫ್ ಡೀಸೆಲ್‌ನ ಎಂಜಿನ್ ಓಡಿದ್ದು ಇದರ ಮೇಲೆಯೇ. 27 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಹದಿನೈದನೇ ಒಂದು ಪಾಲಿಗೆ ಕುಗ್ಗಿಸಿದರೆ, ಶಾಖ ಸೋರದಿದ್ದರೆ, ಲೆಕ್ಕದಲ್ಲಿ 600 ಡಿಗ್ರಿ ದಾಟುತ್ತದೆ. ಅದರೊಳಕ್ಕೆ ಎಣ್ಣೆ ಚಿಮುಕಿಸಿದರೆ ಸಾಕು, ಕಿಡಿಯೇ ಬೇಡ.